ಆಟಿ (ಜುಲೈ–ಆಗಸ್ಟ್) ಮಳೆಗೂ ಜಾರದ ಅಂಗಳ: ನೀರು, ದಾರಿ, ಬೆಳಕು, ಹಸುರು

ಅಮ್ಮನಿಗೆ ಮೊಣಕಾಲು ಗಂಟಿನ ಆಪರೇಷನ್ ಆದದ್ದು ಮಾರ್ಚಿನಲ್ಲಿ. ಮೇ ಮುಗಿಯುವ ತನಕ ದಿನಾ ಬೆಳಗ್ಗೆ ವಾಕರ್ ಹಿಡಿದು ಜಗಲಿಯಿಂದ ಇಳಿದು, ಅಂಗಳ ದಾಟಿ, ತುಳಸಿಕಟ್ಟೆಗೊಂದು ಸುತ್ತು ಬಂದು ನೀರು ಹಾಕಿ ಬರುತ್ತಿದ್ದರು. ಜೂನಿನಲ್ಲಿ ಮಳೆ ಹಿಡಿಯಿತು. ಎರಡೇ ವಾರದಲ್ಲಿ ಇಂಟರ್‌ಲಾಕ್ ಕಲ್ಲುಗಳ ಮೇಲೆ ಪಾಚಿ ಕೂತಿತು. ಒಂದು ಬೆಳಗ್ಗೆ ವಾಕರಿನ ಮುಂದಿನ ಎಡಗಾಲಿನ ರಬ್ಬರ್ ಬುಡ ಆ ಪಾಚಿಯ ಮೇಲೆ ಒಂದು ಗೇಣು ಸರ್ರನೆ ಜಾರಿತು. ಅಮ್ಮ ಬೀಳಲಿಲ್ಲ. ಆದರೆ ಮರುದಿನದಿಂದ ಅಂಗಳಕ್ಕೆ ಇಳಿಯಲೂ ಇಲ್ಲ. ಜಗಲಿಯ ಅಂಚಿನಲ್ಲಿ ನಿಂತು ತುಳಸಿಗೆ ಕೈಮುಗಿದು ಒಳಗೆ ಹೋಗುತ್ತಿದ್ದರು.

“ಎಂತ ಮಾರಾಯ, ಊರಿನವರಿಗೆಲ್ಲ ಅಂಗಳ ಮಾಡಿಕೊಡ್ತಿ, ನನಗೆ ತುಳಸಿಗೆ ಒಂದು ಚೊಂಬು ನೀರು ಹಾಕ್ಲಿಕ್ಕೆ ದಾರಿ ಇಲ್ಲ” ಎಂದರು. ಉಡುಪಿ, ಮಂಗಳೂರು ಸುತ್ತಮುತ್ತ ಮನೆಗಳ ಹೊರಾಂಗಣ ಸರಿಮಾಡಿಸುವುದು ನನ್ನ ಕೆಲಸ. ಆ ಇಂಟರ್‌ಲಾಕ್ ಹಾಕಿಸಿದ್ದೂ ನಾನೇ. ಕಟಪಾಡಿಯ ಆ ಅಂಗಳವನ್ನು ಮತ್ತೆ ಅಗೆದು ಸರಿಮಾಡಿದ ಮೇಲೆ ಕೆಲಸದ ಅನುಕ್ರಮವನ್ನೇ ಬದಲಿಸಿಕೊಂಡೆ.

ಅಂಗಳ ಚಂದ ಮಾಡಿಸಬೇಕು ಎನ್ನುವವರು ಹುಲ್ಲುಹಾಸು, ದೀಪ, ಕಾರಂಜಿಯಿಂದ ಮಾತು ಶುರು ಮಾಡುತ್ತಾರೆ. ನಾನು ನೀರಿನಿಂದ ಶುರು ಮಾಡುತ್ತೇನೆ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಇಲ್ಲಿ ನೀರಿಗೆ ದಾರಿ ಮಾಡಿಕೊಟ್ಟರೆ ಮಾತ್ರ ಮನುಷ್ಯರಿಗೆ ದಾರಿ ಸಿಗುತ್ತದೆ. ದಾರಿ ಗೊತ್ತಾದರೆ ದೀಪ ಎಲ್ಲಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಗಿಡ ಕೊನೆಗೆ.

ಮೊದಲ ಹಂತ: ಒಂದು ಮಳೆ ನೋಡಿ

ಮೇಸ್ತ್ರಿಯನ್ನು ಕರೆಯುವ ಮೊದಲು ಚೌಕುಳಿ ಗೆರೆಯ ಕಾಗದವೊಂದರಲ್ಲಿ ನಿಮ್ಮ ಜಾಗದ ನಕ್ಷೆ ಬರೆಯಿರಿ. ಒಂದು ಚೌಕಕ್ಕೆ ಒಂದು ಅಡಿ ಲೆಕ್ಕ. ಹತ್ತು ಸೆಂಟ್ಸ್ ಜಾಗವೆಂದರೆ 4,356 ಚದರಡಿ. ಮನೆ, ಬಾವಿ, ಕಾರು ನಿಲ್ಲುವ ಜಾಗ ಕಳೆದರೆ ಉಳಿಯುವುದು ನೀವೆಣಿಸಿದ್ದಕ್ಕಿಂತ ಕಡಿಮೆ. ಮನೆ, ಗೇಟು, ಬಾವಿ, ತುಳಸಿಕಟ್ಟೆ, ಸೆಪ್ಟಿಕ್ ಟ್ಯಾಂಕು, ಬಟ್ಟೆ ಒಣಗಿಸುವ ಸರಿಗೆ, ತೆಂಗಿನ ಮರ ಎಲ್ಲವನ್ನೂ ಗುರುತು ಮಾಡಿ. ಬನವಿದ್ದರೆ, ನಾಗನ ಕಲ್ಲಿದ್ದರೆ ಅದರ ಸುತ್ತ ಎಷ್ಟು ಜಾಗ ಬಿಡಬೇಕೆಂದು ಮನೆಯ ಹಿರಿಯರನ್ನು ಕೇಳಿಯೇ ಗೆರೆ ಎಳೆಯಿರಿ.

ಇನ್ನು ಜೋರು ಮಳೆ ಬರುವಾಗ ಕೊಡೆ ಹಿಡಿದು ಅಂಗಳಕ್ಕಿಳಿಯಿರಿ. ಮಾಡಿನ (ಮನೆಯ ಛಾವಣಿಯ) ನೀರು ಎಲ್ಲಿ ಬೀಳುತ್ತದೆ, ಎತ್ತ ಹರಿಯುತ್ತದೆ, ಮಳೆ ನಿಂತು ಅರ್ಧ ಗಂಟೆಯಾದ ಮೇಲೂ ಎಲ್ಲಿ ನಿಂತಿರುತ್ತದೆ ಎಂಬುದನ್ನು ನೀಲಿ ಪೆನ್ನಿನಲ್ಲಿ ಬರೆದುಕೊಳ್ಳಿ. ಪಾಚಿ ಕಟ್ಟುವ ಜಾಗ ಹಸುರಿನಲ್ಲಿ. ಬಿಸಿಲು ಬಂದ ದಿನ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ನೆರಳು ಎಲ್ಲಿದೆ ನೋಡಿ. ನೀಲಿ, ಹಸುರು, ನೆರಳು ಮೂರೂ ಒಂದರ ಮೇಲೊಂದು ಬಿದ್ದ ಜಾಗವೇ ನಿಮ್ಮ ಮನೆಯಲ್ಲಿ ಯಾರಾದರೂ ಜಾರುವ ಜಾಗ.

ಮನೆಯವರು ನಿಜವಾಗಿ ನಡೆಯುವ ದಾರಿಯನ್ನೂ ಗುರುತಿಸಿ. ನೀವು ಕಲ್ಲು ಹಾಸಿದ ದಾರಿ ಒಂದು ಕಡೆ, ಹಾಲಿನವರು, ಮಕ್ಕಳು, ಅಡುಗೆಮನೆಯಿಂದ ಬಾವಿಕಟ್ಟೆಗೆ ಹೋಗುವವರು ಸವೆಸಿದ ದಾರಿ ಇನ್ನೊಂದು ಕಡೆ ಇರುತ್ತದೆ. ಕಾಲಿಗೆ ಅಭ್ಯಾಸವಾದ ದಾರಿಯನ್ನೇ ಗಟ್ಟಿ ಮಾಡಿ.

ಎರಡನೆಯದು: ನೀರನ್ನು ಸಾಗಿಸುವುದು

ಒಂದು ಸಣ್ಣ ಲೆಕ್ಕ. 1,000 ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ನಮ್ಮಲ್ಲಿ ಜುಲೈಯಲ್ಲಿ ಇದು ಅಪರೂಪದ ಮಳೆಯೇನಲ್ಲ. ಇಷ್ಟು ನೀರು ಮಾಡಿನಂಚಿನಿಂದ ನೇರ ಅಂಗಳಕ್ಕೆ ಸುರಿದರೆ ಯಾವ ಕಲ್ಲು, ಯಾವ ಟೈಲ್ಸ್ ಹಾಕಿಯೂ ಪ್ರಯೋಜನವಿಲ್ಲ. ಮೊದಲು ಮಾಡಿಗೆ ದಂಬೆ, ಅಂದರೆ ಅಂಚಿನ ನೀರು ಹಿಡಿದು ಸಾಗಿಸುವ ದೋಣಿ, ಹಾಕಿಸಿ. ಮನೆಯ ನಾಲ್ಕೂ ಸುತ್ತಿಗೆ ಆಗದಿದ್ದರೆ ಜಗಲಿಯ ಮೆಟ್ಟಿಲ ಮೇಲೆ, ನಡೆಯುವ ದಾರಿಯ ಮೇಲೆ ನೀರು ಬೀಳುವ ಬದಿಗಾದರೂ ಬೇಕು. ಮೇ ತಿಂಗಳಲ್ಲಿ ಅದರೊಳಗಿನ ತರಗೆಲೆ ತೆಗೆಸಿ.

ನೆಲದ ಇಳಿಜಾರು ಯಾವಾಗಲೂ ಮನೆಯಿಂದ ಹೊರಕ್ಕೆ, ಬಾವಿಯಿಂದ ದೂರಕ್ಕೆ ಇರಲಿ. ಹತ್ತು ಅಡಿಗೆ ಒಂದೂವರೆಯಿಂದ ಎರಡು ಇಂಚು ಇಳಿಜಾರು ಸಾಕು. ಕಣ್ಣಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ವಾಕರ್, ಗಾಲಿಕುರ್ಚಿ ಒಂದು ಬದಿಗೆ ಎಳೆಯುತ್ತವೆ. ಕೆಲಸ ಮುಗಿಸಿ ಹೋಗುವ ಮೊದಲು ಮೇಸ್ತ್ರಿಯ ಎದುರಲ್ಲೇ ನಾಲ್ಕು ಬಕೆಟ್ ನೀರು ಸುರಿದು ನೋಡಿ. ಮಟ್ಟಗೋಲು ಸುಳ್ಳು ಹೇಳಲಿಕ್ಕಿಲ್ಲ, ಆದರೆ ಗಾರೆ ಒಣಗುವಾಗ ಎಲ್ಲಾದರೂ ಒಂದು ಅಂಗೈಯಷ್ಟು ತಗ್ಗು ಉಳಿದುಬಿಡುತ್ತದೆ. ಪಾಚಿ ಶುರುವಾಗುವುದು ಅಲ್ಲಿಂದಲೇ.

ದಾರಿಗೆ ಅಡ್ಡವಾಗಿ ಚರಂಡಿ ಹಾಯುವುದಿದ್ದರೆ ಮೇಲೆ ಜಾಲರಿ ಬೇಕು. ಅಂಗಡಿಯಲ್ಲಿ ಸಿಗುವ ಜಾಲರಿಗಳಲ್ಲಿ ಸಂದು ಒಂದು ಇಂಚಿಗಿಂತ ಹೆಚ್ಚಿರುವುದೂ ಉಂಟು. ಅದರಲ್ಲಿ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಅರ್ಧ ಇಂಚಿಗಿಂತ ಕಡಿಮೆ ಸಂದಿನದನ್ನು ಹುಡುಕಿ, ಸರಳುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿ ಬರುವಂತೆ ಕೂರಿಸಿ. ಉದ್ದುದ್ದಕ್ಕೆ ಕೂರಿಸಿದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಸಂದಿಗೆ ಇಳಿಯುತ್ತದೆ.

ಹೊರಹೋಗುವ ನೀರಲ್ಲಿ ಒಂದಿಷ್ಟನ್ನು ಇಂಗಿಸುವುದು ಒಳ್ಳೆಯದೇ. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವಾಗ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಇಲ್ಲೊಂದು ಎಚ್ಚರ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗಳೂರಿನ ಗುಡ್ಡಗಳಲ್ಲಿ, ಮಣಿಪಾಲದ ಇಳಿಜಾರುಗಳಲ್ಲಿ ಎಷ್ಟೋ ಮನೆಗಳು ದರೆ (ಗುಡ್ಡದ ಕಡಿದಾದ ಬದಿ) ಕಡಿದು ಕಟ್ಟಿದವು. ಮೇಲೆ ಗಟ್ಟಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಕೆಳಗೆ ಜೇಡಿ ಜಾತಿಯ ಶೇಡಿಮಣ್ಣು. ಒಣಗಿದಾಗ ಕಲ್ಲಿನಂತಿರುವ ಈ ಶೇಡಿಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ದರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಿದರೆ ದರೆ ಜರಿಯಲು ನಾವೇ ಕೈಯಾರೆ ದಾರಿ ಮಾಡಿಕೊಟ್ಟಂತೆ. ಅಂಥ ಜಾಗದಲ್ಲಿ ನೀರನ್ನು ಪೈಪಿನಲ್ಲಿ ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಸಾಗಿಸಿ; ಇಂಗಿಸುವ ಆಸೆ ಬಿಡಿ. ದರೆಗೆ ಕಟ್ಟಿದ ಗೋಡೆಯಲ್ಲಿ ಹಿಂದಿನ ನೀರು ಹೊರಬರಲು ಇಟ್ಟ ಪೈಪಿನ ತೂತುಗಳು ಮಣ್ಣು ತುಂಬಿ ಮುಚ್ಚಿದ್ದರೆ ಮಳೆಗೆ ಮೊದಲೇ ಬಿಡಿಸಿ. ದರೆಯಲ್ಲಿ ಬಿರುಕು ಕಂಡರೆ ಅಂಗಳದ ಕೆಲಸ ನಿಲ್ಲಿಸಿ ಮೊದಲು ಇಂಜಿನಿಯರಿಗೆ ತೋರಿಸಿ.

ಮೂರನೆಯದು: ಗೇಟಿನಿಂದ ಬಾಗಿಲ ತನಕ

ಹಳೆಯ ಮನೆಗಳಿಗೆ ಗೇಟಿನ ಬದಲು ತಡಮೆ, ಉಣುಗೋಲು ಇದ್ದವು. ದನ ಒಳಗೆ ಬರಬಾರದು, ಮನುಷ್ಯ ಬರಬೇಕು. ಅದಕ್ಕೆ ಕಲ್ಲು ಹತ್ತಿ ಇಳಿಯುವ ಏರ್ಪಾಡು. ಚಿಕ್ಕವರಿಗೆ ಅದು ಆಟ, ಎಂಬತ್ತು ದಾಟಿದ ಅಜ್ಜಿಗೆ ಅದೇ ಗೋಡೆ. ತಡಮೆ ಹೋಗಿ ಕಬ್ಬಿಣದ ಗೇಟು ಬಂದಿದೆ, ನಿಜ. ಆದರೆ ಆ ಗೇಟಿನ ಚಿಕ್ಕ ಬಾಗಿಲ ಕೆಳಗೆ ನಾಲ್ಕಿಂಚಿನ ಪಟ್ಟಿ ಈಗಲೂ ಇದೆ, ಅದನ್ನು ದಾಟಲು ಕಾಲೆತ್ತಲೇಬೇಕು. ಸಾಧ್ಯವಾದರೆ ಅದನ್ನು ಕತ್ತರಿಸಿ ತೆಗೆಸಿ. ಚಿಕ್ಕ ಬಾಗಿಲು ಕನಿಷ್ಠ ಮೂರೂಕಾಲು ಅಡಿ ಅಗಲ ಇರಲಿ. ಚಿಲಕ ಸೊಂಟದ ಮಟ್ಟದಲ್ಲಿ, ಒಂದು ಕೈಯಲ್ಲಿ ತೆಗೆಯುವ ಹಾಗೆ ಬೇಕು. ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದಲ್ಲ.

ದೊಡ್ಡ ಗೇಟಿನ ಬಗ್ಗೆ ನನ್ನದೊಂದು ಹಟ ಇದೆ: ರಿಕ್ಷಾ ಜಗಲಿಯ ಬುಡದ ತನಕ ಬರಬೇಕು. ಕಾರು ಇಲ್ಲದ ಮನೆಯಲ್ಲೂ ಬೇಕು. ಆಸ್ಪತ್ರೆಗೆ ಹೋಗಿಬರುವ ಹಿರಿಯರಿಗೆ ಇಡೀ ಅಂಗಳದಲ್ಲಿ ನಾವು ಕೊಡಬಹುದಾದ ಅತಿ ದೊಡ್ಡ ಅನುಕೂಲ ಇದೇ. ಎಂಟಡಿ ಗೇಟಿದ್ದರೆ ರಿಕ್ಷಾ ಸಲೀಸಾಗಿ ತಿರುಗುತ್ತದೆ. ಹತ್ತಡಿ ಇದ್ದರೆ ಆಂಬ್ಯುಲೆನ್ಸ್ ಕೂಡ ಬರುತ್ತದೆ. ಅದು ನಿಲ್ಲುವಲ್ಲಿಂದ ಜಗಲಿಗೆ ನಾಲ್ಕೈದು ಅಡಿ ಅಗಲದ ಮಾಡು ಇಳಿಸಿದರೆ ಮಳೆಯಲ್ಲಿ ಕೊಡೆ ಬಿಡಿಸುವ, ಮಡಚುವ ಆ ಗಡಿಬಿಡಿಯೇ ಇರುವುದಿಲ್ಲ. ಜಾರಿ ಬೀಳುವುದು ಹೆಚ್ಚಾಗಿ ಆ ಗಡಿಬಿಡಿಯಲ್ಲೇ.

ನಡೆಯುವ ದಾರಿ ನಾಲ್ಕಡಿ ಅಗಲ ಇರಲಿ. ಒಬ್ಬರು ವಾಕರ್ ಹಿಡಿದು ನಡೆಯುವಾಗ ಪಕ್ಕದಲ್ಲಿ ಇನ್ನೊಬ್ಬರು ಕೈಹಿಡಿದು ಬರಲು ಅಷ್ಟು ಬೇಕು. ತಿರುಗುವ ಕಡೆ ಐದಡಿ ಚೌಕದ ಜಾಗ ಬಿಡಿ, ಗಾಲಿಕುರ್ಚಿ ಒಂದೇ ಸಲಕ್ಕೆ ತಿರುಗುತ್ತದೆ. ತುಳಸಿಕಟ್ಟೆಗೆ ಸುತ್ತು ಬರುವ ಜಾಗವನ್ನೂ ಇದೇ ಅಳತೆಯಲ್ಲಿ ನೋಡಿ: ಕಟ್ಟೆಯ ಸುತ್ತ ನಾಲ್ಕಡಿ ಸಮತಟ್ಟು ನೆಲ.

ಇನ್ನು ಮೇಲ್ಮೈ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಾಲಿಶ್ ಮಾಡಿದ ಗ್ರಾನೈಟ್, ಮಿರುಗುವ ಟೈಲ್ಸ್ ಹೊರಗೆ ಬೇಡವೇ ಬೇಡ, ಜಗಲಿಯ ಮೆಟ್ಟಿಲಿಗೂ ಬೇಡ. ಮುರಕಲ್ಲು ಹಾಸಿದರೆ ಬೇಸಿಗೆಯಲ್ಲಿ ಕಾಲಿಗೆ ಹಿತ, ನೋಡಲೂ ಚಂದ. ಆದರೆ ಅದು ನೀರು ಹೀರಿ ಹಿಡಿದುಕೊಳ್ಳುವ ಕಲ್ಲು, ನೆರಳಿದ್ದಲ್ಲಿ ಪಾಚಿ ಬೇಗ ಕಟ್ಟುತ್ತದೆ. ಬಿಸಿಲು ಬೀಳುವ, ಯಾರೂ ಅವಸರದಲ್ಲಿ ನಡೆಯದ ಕಡೆ ಹಾಕಿ. ಇಂಟರ್‌ಲಾಕ್ ಕಾರು ನಿಲ್ಲುವಲ್ಲಿ ಸರಿ, ಅದೂ ಕೆಳಗೆ ಜಲ್ಲಿಯ ಹಾಸನ್ನು ಚೆನ್ನಾಗಿ ದಮ್ಮಾಸು ಹಾಕಿ ಗಟ್ಟಿ ಮಾಡಿ, ಸುತ್ತ ಕಾಂಕ್ರೀಟಿನ ಅಂಚು ಕಟ್ಟಿದ್ದರೆ. ಅಂಚಿಲ್ಲದ ಇಂಟರ್‌ಲಾಕ್ ಎರಡು ಮಳೆಗಾಲದಲ್ಲಿ ಅಲೆಅಲೆಯಾಗಿ ಏಳುತ್ತದೆ. ಜಲ್ಲಿ ಹರಡಿದ ದಾರಿ ಫೋಟೊದಲ್ಲಿ ಚಂದ. ವಾಕರಿನ ಕಾಲು ಅದರಲ್ಲಿ ಹೂತುಹೋಗುತ್ತದೆ.

ಖರ್ಚು ಮತ್ತು ಸುರಕ್ಷೆ ಎರಡನ್ನೂ ತೂಗಿದರೆ ನನ್ನ ಆಯ್ಕೆ ಎರಡು. ಒಂದು, ಉರುಟು ಮೇಲ್ಮೈಯ ಶಿಲೆಕಲ್ಲು, ಅಂದರೆ ಬೆಂಕಿ ಹಾಯಿಸಿದ ಅಥವಾ ಉಳಿಯಲ್ಲಿ ಕೊಚ್ಚಿದ ಗ್ರಾನೈಟ್. ಇನ್ನೊಂದು, ಬರೀ ಕಾಂಕ್ರೀಟ್.

ಅಮ್ಮನ ದಾರಿಗೆ ಮಾಡಿದ್ದು ಎರಡನೆಯದನ್ನೇ. ಇಂಟರ್‌ಲಾಕ್‌ನಲ್ಲಿ ನಾಲ್ಕಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ ಕಿತ್ತು ತೆಗೆದು, ಜಲ್ಲಿ ತುಂಬಿ ದಮ್ಮಾಸು ಹಾಕಿ, ಮೇಲೆ ನಾಲ್ಕಿಂಚು ಕಾಂಕ್ರೀಟ್. ಮೇಸ್ತ್ರಿ ಅಭ್ಯಾಸಬಲದಿಂದ ಕರಣೆಯಲ್ಲಿ ತಿಕ್ಕಿ ನುಣುಪು ಮಾಡಲು ಹೊರಟರು. ತಡೆದೆ. ಮೇಲಿನ ನೀರು ಆರಿ, ಹೆಬ್ಬೆರಳಿನಲ್ಲಿ ಒತ್ತಿದರೆ ಗುರುತು ಮೂಡುವಷ್ಟು ಗಟ್ಟಿಯಾದಾಗ ಹೊಸ ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ) ತಂದು, ದಾರಿಗೆ ಅಡ್ಡವಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತದಲ್ಲಿ ಎಳೆಯುತ್ತ ಹೋದೆವು. ಪ್ರತಿ ಎಳೆತಕ್ಕೂ ಹಿಡಿಸೂಡಿಯನ್ನು ಬಕೆಟ್ ನೀರಲ್ಲಿ ಅದ್ದಿ ಕೊಡವಬೇಕು, ಇಲ್ಲದಿದ್ದರೆ ಗಾರೆ ಕಡ್ಡಿಗಂಟಿ ಗೆರೆ ಹರಿಯುತ್ತದೆ. ತೆಂಗಿನ ಕಡ್ಡಿಯ ಆ ಸಣ್ಣ ಗೆರೆಗಳಲ್ಲಿ ನೀರು ಬದಿಗೆ ಇಳಿಯುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಹತ್ತು ದಿನ ಗೋಣಿ ಹಾಸಿ ನೀರು ಹಾಕಿದೆವು. ದಾರಿಯ ಎರಡೂ ಅಂಚಿಗೆ ಮೂರಿಂಚಿನ ಕೆಂಪು ಬಣ್ಣದ ಪಟ್ಟಿ ಕೊಟ್ಟೆ. ಮಬ್ಬು ಬೆಳಕಲ್ಲೂ ದಾರಿ ಎಲ್ಲಿ ಮುಗಿಯುತ್ತದೆಂದು ಕಾಣುತ್ತದೆ.

ಮೆಟ್ಟಿಲೋ ರ‍್ಯಾಂಪೋ ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ರ‍್ಯಾಂಪಿನ ಲೆಕ್ಕ ಸರಳ: ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಜಗಲಿ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಹದಿನೆಂಟು ಅಡಿ ರ‍್ಯಾಂಪು, ಜೊತೆಗೆ ಕೆಳಗೂ ಮೇಲೂ ಐದೈದು ಅಡಿ ಸಮತಟ್ಟು. ಮಳೆಯೂರಿನಲ್ಲಿ ನಾನು ಇಂಚಿಗೆ ಹದಿನೈದು ಇಂಚು ಕೇಳುತ್ತೇನೆ. ಎದುರಿನ ಅಂಗಳದಲ್ಲಿ ಅಷ್ಟು ಜಾಗ ಇಲ್ಲವೆಂದರೆ ಮನೆಯ ಬದಿಗೋಡೆಗೆ ಒತ್ತಿ, ಮಾಡಿನ ಕೆಳಗೆ ತಿರುಗಿಸಿ. ರ‍್ಯಾಂಪಿನ ತೆರೆದ ಬದಿಗೆ ಮೂರಿಂಚಿನ ಕಟ್ಟೆ ಬೇಕು, ಗಾಲಿ ಹೊರಗೆ ಇಳಿಯದ ಹಾಗೆ. ರ‍್ಯಾಂಪಿನ ಬುಡ ರಸ್ತೆಗೋ ಸಾರ್ವಜನಿಕ ಚರಂಡಿಗೋ ಚಾಚಬಾರದು. ಗೇಟಿನ ಒಳಗೇ ಮುಗಿಯಲಿ.

ಕೆಲವರು ಹತ್ತಡಿಯಲ್ಲಿ ಒಂದೂವರೆ ಅಡಿ ಏರಿಸಿ ರ‍್ಯಾಂಪ್ ಆಯಿತು ಎನ್ನುತ್ತಾರೆ. ಅದು ಬೈಕ್ ಹತ್ತಿಸಲಿಕ್ಕೆ ಸರಿ, ಮನುಷ್ಯರಿಗಲ್ಲ. ಜಾಗವಿಲ್ಲದಿದ್ದರೆ ತಗ್ಗು ಮೆಟ್ಟಿಲೇ ಮೇಲು: ಐದಿಂಚು ಎತ್ತರ, ಹದಿನಾಲ್ಕು ಇಂಚು ಅಗಲ, ಎಲ್ಲ ಮೆಟ್ಟಿಲೂ ಒಂದೇ ಅಳತೆ. ಕೊನೆಯ ಮೆಟ್ಟಿಲು ಮಾತ್ರ ಏಳಿಂಚಾದರೆ ಕಾಲು ಅಲ್ಲೇ ತಪ್ಪುತ್ತದೆ. ಇಂಟರ್‌ಲಾಕ್ ಹಾಕಿ ಅಂಗಳ ಎತ್ತರಿಸಿದ ಮನೆಗಳಲ್ಲಿ ಕೆಳಗಿನ ಮೆಟ್ಟಿಲು ಅರ್ಧ ಮುಚ್ಚಿಹೋಗಿ ಗಿಡ್ಡವಾಗಿರುತ್ತದೆ, ಅದೂ ಅಷ್ಟೇ ಅಪಾಯ. ಪ್ರತಿ ಮೆಟ್ಟಿಲಿನ ಅಂಚಿಗೂ ಎರಡಿಂಚು ತಿಳಿಬಣ್ಣದ ಪಟ್ಟಿ ಕೊಡಿ.

ಕೈಹಿಡಿಕೆ ಎರಡೂ ಬದಿಗೆ ಬೇಕು. ಒಂದು ಕೈಗೆ ಪಾರ್ಶ್ವವಾಯು ಆದವರಿಗೆ ಹತ್ತುವಾಗ ಒಂದು ಬದಿ, ಇಳಿಯುವಾಗ ಇನ್ನೊಂದು ಬದಿ. ಎತ್ತರ ಮೂರಡಿ; ಅದರ ಕೆಳಗೆ ಎರಡೂವರೆ ಅಡಿಗೆ ಇನ್ನೊಂದು ಸಾಲು ಕೊಟ್ಟರೆ ಗಿಡ್ಡಗಿರುವವರಿಗೂ ಮಕ್ಕಳಿಗೂ ಆಗುತ್ತದೆ. ಪೈಪು ಒಂದೂವರೆ ಇಂಚು ದಪ್ಪ, ಮುಷ್ಟಿ ಸುತ್ತಿ ಹಿಡಿಯುವಷ್ಟು. ಮೊದಲ ಮೆಟ್ಟಿಲಿಗಿಂತ ಒಂದಡಿ ಮುಂದಕ್ಕೆ ಚಾಚಿರಲಿ, ಹತ್ತುವ ಮೊದಲೇ ಕೈಗೆ ಸಿಗಬೇಕು. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂತೆ ಕಡಲು ಹತ್ತಿರವಿದ್ದರೆ ಸಾಮಾನ್ಯ 304 ದರ್ಜೆಯ ಸ್ಟೀಲಿಗೂ ಕಂದು ಕಲೆ ಬರುತ್ತದೆ. 316 ಕೇಳಿ ಪಡೆಯಿರಿ, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಗೇಟಿನಿಂದ ಜಗಲಿ ದೂರವಿದ್ದರೆ ನಡುವೆ ಒಂದು ಕಟ್ಟೆ ಕಟ್ಟಿ. ಒಂದೂವರೆ ಅಡಿ ಎತ್ತರ, ಒಂದು ಬದಿಗೆ ಊರಿ ಏಳಲು ಕೈ ಇರಲಿ. ಉಸಿರು ಹಿಡಿಯುವವರು ಕೂರುತ್ತಾರೆ, ಸಂಜೆಗೆ ಉಳಿದವರೂ ಬಂದು ಕೂರುತ್ತಾರೆ.

ನಾಲ್ಕನೆಯದು: ಬೆಳಕು

ಹಗಲಿನ ಬೆಳಕಿನ ವಿಷಯ ಮೊದಲು, ಏಕೆಂದರೆ ಅದನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ಮಳೆ ಪಡುವಣದಿಂದ ಗಾಳಿಯೊಂದಿಗೆ ಹೊಡೆಯುತ್ತದೆ. ಅದಕ್ಕೆಂದು ಜಗಲಿಯ ಪಡುಬದಿಗೆ ತಟ್ಟಿ ಕಟ್ಟುತ್ತಿದ್ದೆವು. ಈಗ ಅಂಗಳದ ಮೇಲೆಲ್ಲ ಶೀಟ್ ಹೊದಿಸುತ್ತೇವೆ. ಮಳೆ ನಿಲ್ಲುತ್ತದೆ, ಮನೆಯೊಳಗೆ ಮಧ್ಯಾಹ್ನವೂ ದೀಪ ಉರಿಸುವ ಹಾಗಾಗುತ್ತದೆ. ನೆಲ ಒಣಗುವುದಿಲ್ಲ, ಪಾಚಿ ಹೆಚ್ಚುತ್ತದೆ. ಶೀಟ್ ಬೇಕೇ ಬೇಕೆಂದರೆ ನಾಲ್ಕೈದು ಶೀಟಿಗೊಂದು ಬೆಳಕು ಹಾಯುವ ಪಾಲಿಕಾರ್ಬೊನೇಟ್ ಶೀಟ್ ಸೇರಿಸಿ. ಹಂಚಿನ ಮಾಡಾದರೆ ಇನ್ನೂ ಸುಲಭ, ಎರಡು ಮೂರು ಗಾಜಿನ ಹಂಚು ಹಾಕಿಸಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರೂರಿಗೆ ಹರಡಿದ ಈ ಮಾಡಿನ ದೊಡ್ಡ ಗುಣ ಇದು: ಒಂದು ಹಂಚು ತೆಗೆದು ಇನ್ನೊಂದು ಇಟ್ಟರೆ ಆಯಿತು. ಪಡುಬದಿಯ ಮರೆಯೂ ತೆಗೆದಿಡುವಂಥದ್ದಾಗಿರಲಿ, ಅಕ್ಟೋಬರಿನಲ್ಲಿ ಮಡಚಿಡಿ.

ಮರ ಕಡಿದು ಬೆಳಕು ತರುವ ಅವಸರ ಬೇಡ. ಮೊದಲು ಕೆಳಗಿನ ರೆಂಬೆಗಳನ್ನಷ್ಟೇ ಸವರಿಸಿ; ಓರೆಯಾಗಿ ಬರುವ ಬೆಳಗಿನ ಬಿಸಿಲು ಅಷ್ಟಕ್ಕೇ ಒಳಗೆ ಬರುತ್ತದೆ, ಏಪ್ರಿಲಿನ ನಡುಮಧ್ಯಾಹ್ನದ ನೆರಳೂ ಉಳಿಯುತ್ತದೆ. ಕಡಿಯಲೇಬೇಕಾದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ.

ರಾತ್ರಿಯದ್ದು. ಗೇಟಿನ ಕಂಬದ ಮೇಲೆ ಒಂದು ದೊಡ್ಡ ಬಿಳಿ ಬಲ್ಬು ಹಾಕಿದರೆ ಬೆಳಕೆಲ್ಲ ಕಣ್ಣಿಗೆ ಹೊಡೆಯುತ್ತದೆ, ಕಾಲ ಬಳಿ ಕತ್ತಲೆಯೇ ಉಳಿಯುತ್ತದೆ. ವಯಸ್ಸಾದ ಕಣ್ಣಿಗೆ ಪ್ರಖರ ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಒಂದು ದೊಡ್ಡದರ ಬದಲು ಮೊಣಕಾಲೆತ್ತರದ ಚಿಕ್ಕ ದೀಪಗಳನ್ನು ಎಂಟು–ಹತ್ತು ಅಡಿಗೊಂದರಂತೆ ಇಡಿ, ಬೆಳಕು ಕೆಳಕ್ಕೆ ಬೀಳುವ ಹಾಗೆ. ಮೆಟ್ಟಿಲ ಬದಿಗೋಡೆಯಲ್ಲಿ ಒಂದೊಂದು. ಬಣ್ಣ ಹಳದಿ ಛಾಯೆಯದ್ದು, ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುತ್ತದೆ. ನೀಲಿಬಿಳಿ ಬೆಳಕಿಗೆ ಹುಳು ಹೆಚ್ಚು ಬರುತ್ತವೆ. ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲು ಜಗಲಿ ತುಂಬುವುದನ್ನು ಗುಡಿಸಿದವರಿಗೆ ಇದು ಗೊತ್ತು. ಮರಗಳಿಗೆ ಕೆಳಗಿನಿಂದ ಬೆಳಕು ಹಾಯಿಸುವುದು ನನಗೆ ಇಷ್ಟವಿಲ್ಲ. ಮೇ ಕೊನೆಗೆ ಮಿಂಚುಹುಳುಗಳು ತಮ್ಮ ಬೆಳಕಿನಿಂದಲೇ ಜೋಡಿ ಹುಡುಕುತ್ತವೆ, ನಮ್ಮ ದೀಪಗಳ ಎದುರು ಅವುಗಳದ್ದು ಕಾಣುವುದಿಲ್ಲ.

ಸೋಲಾರ್ ದೀಪ ಅಗ್ಗ, ವಯರಿಂಗ್ ಬೇಡ, ಆದರೆ ಬೆಳಕು ಅತಿ ಬೇಕಾದ ಜುಲೈಯಲ್ಲಿ ಅದಕ್ಕೆ ಚಾರ್ಜೇ ಆಗುವುದಿಲ್ಲ. ದಾರಿಯ ದೀಪಗಳನ್ನು ಇನ್ವರ್ಟರ್ ಲೈನಿಗೆ ಕೊಡಿಸಿ. ಗಾಳಿಮಳೆಗೆ ಕರೆಂಟು ಹೋಗುವ ಹೊತ್ತಿಗೇ ಅವು ಬೇಕು. ಹೊರಗಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಕಡ್ಡಾಯವೆಂದು ತಿಳಿಯಿರಿ, ಒದ್ದೆ ಅಂಗಳದಲ್ಲಿ ಜೀವ ಉಳಿಸುವುದು ಅದೇ. ದೀಪಗಳು ಐಪಿ65 ಗುಣಮಟ್ಟದವು, ಅಂದರೆ ದೂಳು, ಎರಚುವ ನೀರು ಒಳಹೋಗದಂಥವು ಇರಲಿ. ಕೇಬಲನ್ನು ಪೈಪಿನಲ್ಲಿ ಒಂದೂವರೆ ಅಡಿ ಆಳಕ್ಕೆ ಇಳಿಸಿ, ಮಣ್ಣು ಮುಚ್ಚುವ ಮೊದಲು ಮೇಲೆ ಹಳೆ ಹಂಚು ಸಾಲಾಗಿ ಇಡಿ. ಮುಂದೆ ಯಾರಾದರೂ ಹಾರೆ ಹಾಕಿದರೆ ಮೊದಲು ಹಂಚು ಸಿಗುತ್ತದೆ.

ಐದನೆಯದು: ಚಂದ

ಜಗಲಿಯಲ್ಲಿ ನೀವು ದಿನಾ ಕೂರುವ ಕುರ್ಚಿಯಲ್ಲಿ ಕೂತು ಎದುರು ಏನು ಕಾಣುತ್ತದೆ ನೋಡಿ. ಅಲ್ಲಿ ತುಳಸಿಕಟ್ಟೆ ಕಾಣಬೇಕೋ, ಹೂವಿನ ಗಿಡವೋ, ಗದ್ದೆಯೋ ನಿರ್ಧರಿಸಿ. ಆ ಒಂದು ನೋಟಕ್ಕೆ ಅಡ್ಡ ಬರುವುದನ್ನೆಲ್ಲ ಬದಿಗೆ ಸರಿಸಿದರೆ ಅಂಗಳ ದೊಡ್ಡದಾಗಿ ಕಾಣುತ್ತದೆ.

ಕಂಪೌಂಡ್ ಗೋಡೆ ಮುರಕಲ್ಲಿನದ್ದಾದರೆ ಒಳಬದಿಗೆ ಸಾರಣೆ ಮಾಡಿಸಬೇಡಿ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುವ ಕಲ್ಲು ಅದು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದೂ ನಮ್ಮ ಮಲೆಯಾಳ–ಕನ್ನಡ ಕರಾವಳಿ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಬರೆದ ವರದಿಯಿಂದ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ ಹಿಡಿದು. ಮಳೆಗೆ ಒದ್ದೆಯಾದಾಗ ಅದರ ಕೆಂಪಿಗೆ ಯಾವ ಪೈಂಟೂ ಸಾಟಿಯಿಲ್ಲ. ಹೂವಿನ ಪಾತಿಯ ಅಂಚಿಗೆ ಹಳೆ ಹಂಚುಗಳನ್ನು ನಿಲ್ಲಿಸಿ ಹೂಳಿ.

ಗಿಡಗಳಿಗೆ ಒಂದೇ ನಿಯಮ: ದಾರಿಯ ಎರಡೂ ಬದಿ ಎರಡಡಿ ಬಿಟ್ಟು ನೆಡಿ. ಒದ್ದೆ ಎಲೆ ಮೈಗೆ ತಾಗುವುದಿಲ್ಲ, ಹಾವು ಅಡಗಲು ಮರೆಯೂ ಇರುವುದಿಲ್ಲ. ಕಾಗದದ ಹೂವಿನಂಥ ಮುಳ್ಳಿನದ್ದು ಕಂಪೌಂಡಿಗೆ. ಬಿಂಬುಳಿ, ನೇರಳೆ, ಪುನರ್ಪುಳಿ ಬಹಳ ಒಳ್ಳೆಯ ಮರಗಳು, ಆದರೆ ಹಣ್ಣು ಉದುರಿ ದಾರಿ ಲೋಳೆಯಾಗುತ್ತದೆ, ಹಿತ್ತಲಿಗೆ ಸರಿ. ತೆಂಗಿನ ಮರದ ನೇರ ಕೆಳಗೆ ಕಟ್ಟೆ ಕಟ್ಟಬೇಡಿ. ಎದುರಿಗೆ ಕೇಪಳ, ದಾಸವಾಳ, ನಂದಿಬಟ್ಟಲು ಹಾಕಿ, ಪೂಜೆಗೂ ಆಯಿತು, ಹೆಚ್ಚು ಆರೈಕೆಯೂ ಬೇಡ. ಪೂರ್ಣ ಬಿಸಿಲು ಬೀಳುವ, ನೀರು ನಿಲ್ಲದ ಜಾಗವಿದ್ದರೆ ಶಂಕರಪುರದ ಮಲ್ಲಿಗೆ ನೆಡಿ. ನೆಲಕ್ಕಿಂತ ಎರಡಡಿ ಎತ್ತರದ ಪಾತಿ ಕಟ್ಟಿ ನೆಟ್ಟರೆ ಬೆನ್ನು ಬಗ್ಗದವರೂ ನಿಂತೇ ಮೊಗ್ಗು ಕೊಯ್ಯಬಹುದು. ಗಾಲಿಕುರ್ಚಿಯಲ್ಲಿ ಕೂತು ಕೊಯ್ಯುವವರನ್ನೂ ನೋಡಿದ್ದೇನೆ.

ನೀರು ಸೇರುವ ತಗ್ಗು ಒಂದಿದ್ದೇ ಇರುತ್ತದೆ. ಅದನ್ನು ಮುಚ್ಚುವ ಬದಲು ಕೆಸು, ಕಾಬಾಳೆ, ಸುಗಂಧಿ ಹಾಕಿ. ಅಂಚಿಗೆ, ಸ್ವಲ್ಪ ಎತ್ತರದಲ್ಲಿ ಅರಿಶಿನ. ಆಟಿಯಲ್ಲಿ ಪತ್ರೊಡೆಗೂ ನಾಗರಪಂಚಮಿಯ ಅರಿಶಿನ ಎಲೆಯ ಕಡುಬಿಗೂ ಮನೆಯಂಗಳದಲ್ಲೇ ಎಲೆ. ನೀರು ಮಾತ್ರ ಒಂದೆರಡು ದಿನದಲ್ಲಿ ಇಂಗಬೇಕು. ವಾರ ನಿಂತರೆ ಸೊಳ್ಳೆ ಹುಟ್ಟುತ್ತದೆ, ಮಲೇರಿಯ, ಡೆಂಗಿ ಎರಡನ್ನೂ ಕಂಡ ಊರು ನಮ್ಮದು.

ಫ್ಲ್ಯಾಟಿನಲ್ಲಿರುವವರಿಗೆ ಬಾಲ್ಕನಿಯೇ ಅಂಗಳ. ಹೊಸ್ತಿಲಿನ ಎತ್ತರಕ್ಕೆ ಒಳಗೊಂದು ಚಿಕ್ಕ ಇಳಿಜಾರು ಹಲಗೆ, ಉರುಟು ಟೈಲ್ಸ್, ನೀರು ಹೋಗುವ ತೂತಿಗೆ ಅಡ್ಡ ಬಾರದಂತೆ ಸ್ಟ್ಯಾಂಡಿನ ಮೇಲೆ ಕುಂಡ. ಅಷ್ಟು ಸಾಕು.

ಕೆಲಸಕ್ಕೆ ಕಾಲ, ಮತ್ತೆ ಆರೈಕೆ

ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಪತ್ತನಾಜೆಗೆ ಮುಗಿಸಿ. ಮೇ 24–25ರ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ನಿಮ್ಮ ಮೇಸ್ತ್ರಿಯೂ ಕರಣೆ ತೊಳೆದಿಡಬೇಕು. ಅಗೆದಿಟ್ಟ ಅಂಗಳದ ಮೇಲೆ ಮಳೆ ಹೊಯ್ದರೆ ಅರ್ಧ ಮಣ್ಣು ತೋಡಿಗೆ ಹೋಗುತ್ತದೆ. ಪೂರ್ತಿ ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಮೊದಲ ವರ್ಷ ದಂಬೆ ಮತ್ತು ಇಳಿಜಾರು, ಎರಡನೆಯ ವರ್ಷ ದಾರಿ ಮತ್ತು ಕೈಹಿಡಿಕೆ, ಆಮೇಲೆ ದೀಪ. ಕೇಬಲಿನ ಖಾಲಿ ಪೈಪನ್ನು ಮಾತ್ರ ದಾರಿ ಮಾಡುವಾಗಲೇ ಕೆಳಗೆ ಹಾಕಿಸಿಡಿ, ಇಲ್ಲದಿದ್ದರೆ ಹೊಸ ದಾರಿ ಒಡೆಯಬೇಕಾಗುತ್ತದೆ. ಗಿಡಕ್ಕೆ ಮೊದಲ ಮಳೆ ಬಿದ್ದ ವಾರ ಪ್ರಶಸ್ತ.

ಎಷ್ಟು ಚೆನ್ನಾಗಿ ಮಾಡಿದರೂ ಪಾಚಿ ಬರುತ್ತದೆ. ಜೂನ್ ಮೊದಲ ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಗಡುಸು ಬ್ರಷ್ಷಿನಲ್ಲಿ ಉಜ್ಜಬೇಕು. ಮೊಂಡು ಪಾಚಿಗೆ ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಬಾವಿ, ತುಳಸಿಯ ಹತ್ತಿರ ಅದು ಬೇಡ. ಅದರ ಜೊತೆ ಆ್ಯಸಿಡ್ ಯಾವ ಕಾರಣಕ್ಕೂ ಸೇರಿಸಬಾರದು, ವಿಷಾನಿಲ ಏಳುತ್ತದೆ. ಎಲ್ಲೂ ಕೆಲಸ ಆಗದ ವರ್ಷ ಹಿರಿಯರ ಉಪಾಯ ಇದ್ದೇ ಇದೆ: ಅಡಿಕೆ ಸೋಗೆ, ತೆಂಗಿನ ಮಡಲು ಹಾಸಿ ಅದರ ಮೇಲೆ ನಡೆಯುವುದು.

ಅಮ್ಮ ಹೊಸ ದಾರಿಯಲ್ಲಿ ಈಗ ಎರಡು ಮಳೆಗಾಲ ಕಳೆದಿದ್ದಾರೆ. ವಾಕರ್ ಹೋಗಿ ಊರುಗೋಲು ಬಂದಿದೆ. ತುಳಸಿಕಟ್ಟೆಯ ಹಿಂದೆ, ಸೊಂಟದೆತ್ತರಕ್ಕೆ ಒಂದು ಕೊಕ್ಕೆ ಹೊಡೆಸಿಕೊಂಡಿದ್ದಾರೆ, ಅದರಲ್ಲಿ ಉದ್ದ ಕೋಲು ಕಟ್ಟಿದ ಹಿಡಿಸೂಡಿ ನೇತಾಡುತ್ತದೆ. ನೀರು ಹಾಕಿಯಾದ ಮೇಲೆ ಒಂದು ಕೈಯಲ್ಲಿ ಕೈಹಿಡಿಕೆ ಹಿಡಿದು, ಇನ್ನೊಂದರಲ್ಲಿ ಆ ನಾಲ್ಕಡಿ ದಾರಿಯನ್ನು ತಾವೇ ಗುಡಿಸಿಕೊಂಡು ಜಗಲಿಗೆ ಬರುತ್ತಾರೆ.